ಡೆನಿಸ್ ಪಕ್ಕದ ಕುರ್ಚಿ

ಹೊರಡುವ ಮೊದಲು, ಪೀಣ್ಯ

ಇಂಗ್ಲೆಂಡ್ ಹೇಗಿತ್ತು ಎಂದು ಕೇಳಿದವರಿಗೆಲ್ಲ ಇಷ್ಟು ದಿನ "ಚಳಿ ಕಣ್ರೀ" ಎಂದಷ್ಟೇ ಹೇಳಿ ತಪ್ಪಿಸಿಕೊಂಡಿದ್ದೇನೆ. ಚಳಿ ಇದ್ದದ್ದು ಸುಳ್ಳಲ್ಲ. ಆದರೆ ಅಲ್ಲಿ ನಾನು ಪಟ್ಟ ನಾಚಿಕೆಯ ಮುಂದೆ ಆ ಚಳಿ ಯಾವ ಲೆಕ್ಕಕ್ಕೂ ಇಲ್ಲ. ನಮ್ಮ ಅಯ್ಯನವರು, ಅಂದರೆ ನಮ್ಮ ಸಭೆಯ ಪಾದ್ರಿಗಳು, "ಬರೆದ್ಬಿಡಿ ಸಲೋಮಿಯಮ್ಮ, ಭಾರ ಇಳಿಯುತ್ತೆ" ಎಂದರು. ಇಳಿಯುತ್ತದೋ ಇಲ್ಲವೋ, ಬರೆಯಲು ಕೂತಿದ್ದೇನೆ.

ನಾನು ಜಾಲಹಳ್ಳಿಯವಳು. ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ನಿವೃತ್ತಿಯ ನಂತರವೂ ದಿನಕ್ಕೊಮ್ಮೆ ಯಾರಿಗಾದರೂ ಅಪ್ಪಣೆ ಕೊಡದಿದ್ದರೆ ನನಗೆ ತಿಂದ ಅನ್ನ ಅರಗುವುದಿಲ್ಲ. ಆ ಗುಣಕ್ಕೆ ತಕ್ಕ ಕೆಲಸವೂ ಸಿಕ್ಕಿತು. ಅದೇ ಪೀಣ್ಯದ ಭಾನುವಾರದ ಊಟ.

ಕಾರ್ಖಾನೆಗಳೇ ತುಂಬಿದ ಪೀಣ್ಯದ ಓಣಿಗಳಲ್ಲಿ ಶೀಟು ಹೊದಿಸಿದ ಒಂಟಿ ರೂಮುಗಳು ಸಾಲುಸಾಲಾಗಿವೆ. ಊರು, ಹೆಂಡತಿ, ಮಕ್ಕಳನ್ನು ಬಿಟ್ಟು ಬಂದವರು ಅಲ್ಲಿರುತ್ತಾರೆ. ವಾರವಿಡೀ ಮೆಷಿನ್ನಿನ ಸದ್ದು. ಭಾನುವಾರ ಆ ಸದ್ದೂ ಇಲ್ಲ, ಮಾತಾಡಿಸುವವರೂ ಇಲ್ಲ. ಅಂಥವರಿಗೆಂದು ಮೂರು ಸಭೆಗಳವರು ಸೇರಿ ಮಧ್ಯಾಹ್ನದ ಊಟ ಹಾಕುತ್ತೇವೆ. ನಮ್ಮದು ಹಳೆಯ ಪ್ರಾಟೆಸ್ಟೆಂಟ್ ದೇವಾಲಯ, ಇನ್ನೊಂದು ಕ್ಯಾಥೋಲಿಕರ ಚರ್ಚು, ಮತ್ತೊಂದು ಬೇಕರಿಯ ಮಹಡಿ ಮೇಲಿನ ಪ್ರಾರ್ಥನಾ ಮಂದಿರ. ಹಿಂದೆ ಒಬ್ಬರ ಮನೆ ಕಾಫಿಯನ್ನು ಇನ್ನೊಬ್ಬರು ಮೂಸಿಯೂ ನೋಡುತ್ತಿರಲಿಲ್ಲ, ಈಗ ಎಲ್ಲರದೂ ಒಂದೇ ಒಲೆ. ಅಕ್ಕಿ ಬೇಳೆ ನಮ್ಮದು, ಪಾತ್ರೆ ತಟ್ಟೆ ಕ್ಯಾಥೋಲಿಕರದು, ಪ್ರಾರ್ಥನೆ ಮಹಡಿಯ ಪಾಸ್ಟರದು. ಅವರು ಆಮೆನ್ ಅನ್ನುವಷ್ಟರಲ್ಲಿ ಸಾರು ಆರಿ ತಣ್ಣಗಾಗಿರುತ್ತದೆ. ಜಾಗ ಮಾತ್ರ ನಮ್ಮ ಯಾರದ್ದೂ ಅಲ್ಲ. ಮುಚ್ಚಿಹೋದ ಯೂನಿಟ್ಟಿನ ಶೆಡ್ಡನ್ನು ಅದರ ಮಾಲೀಕ ಗೌಡರು ಬಿಟ್ಟುಕೊಟ್ಟಿದ್ದಾರೆ. "ಅಸಿದೋರ್ಗೆ ಅನ್ನ ಆಕಕ್ಕೆ ಯಾವ ದೇವ್ರಾದ್ರೇನಮ್ಮ" ಎಂದು ಒಂದೇ ಮಾತಿನಲ್ಲಿ ಕೀಲಿಕೈ ಕೊಟ್ಟವರು ಅವರು.

ಆ ಶೆಡ್ಡಿನಲ್ಲಿ ನನ್ನದೇ ಕಾನೂನು. ಬಂದವರು ಜಮಖಾನದ ಮೇಲೆ ಸಾಲಾಗಿ ಕೂರಬೇಕು. ನಾವು ಬಡಿಸಬೇಕು. ಕೊನೆಯವರು ಕೈ ತೊಳೆಯುವವರೆಗೆ ನಮ್ಮಲ್ಲಿ ಒಬ್ಬರೂ ಒಂದು ಅಗುಳು ಬಾಯಿಗೆ ಹಾಕಕೂಡದು. ಬಡಿಸುವ ಕೈ ಕಡೆಗೆ ಉಣ್ಣಬೇಕು ಎಂದು ಅಮ್ಮ ಕಲಿಸಿದ್ದು. ಅತಿಥಿಗೆ ಕೊಡುವ ಮರ್ಯಾದೆ ಇದಕ್ಕಿಂತ ದೊಡ್ಡದು ಯಾವುದೂ ಇಲ್ಲ ಎಂದು ನಾನು ನಂಬಿದ್ದೆ.

ಈ ಕಾನೂನನ್ನು ಪ್ರತಿ ವಾರ ಮುರಿಯಲು ನೋಡುತ್ತಿದ್ದವರು ಒಬ್ಬರೇ. ಲೋಹಕ್ಕೆ ಲೇಪ ಹಾಕುವ ಪ್ಲೇಟಿಂಗ್ ಯೂನಿಟ್ಟಿನಲ್ಲಿ ಕೆಲಸ ಮಾಡುವ, ಹೆಗಲ ಮೇಲೆ ಸದಾ ಹಳದಿ ಟವೆಲ್ಲು ಹಾಕಿಕೊಂಡು ಬರುವ, ಐವತ್ತು ದಾಟಿದ ಮನುಷ್ಯ. ಉತ್ತರ ಕರ್ನಾಟಕದವರೆಂದು ಮಾತಿನಲ್ಲೇ ತಿಳಿಯುತ್ತಿತ್ತು. "ಕೊಡ್ರಿ ಅಕ್ಕಾರ, ನಾ ನೀಡ್ತೀನಿ" ಎಂದು ಸಾರಿನ ಬಕೆಟ್ಟಿಗೆ ಕೈ ಹಾಕುವರು. ಆ ಕಡೆ ಬಡಿಸುವುದಕ್ಕೆ ನೀಡುವುದು ಎನ್ನುತ್ತಾರೆ. "ನೀವು ಅತಿಥಿಗಳು, ಸುಮ್ನೆ ಕೂತ್ಕೊಳ್ಳಿ" ಎಂದು ನಾನು ಬಕೆಟ್ಟು ಕಿತ್ತುಕೊಳ್ಳುತ್ತಿದ್ದೆ. ಒಮ್ಮೆ ಈ ಎಳೆದಾಟದ ಫೋಟೊವನ್ನು ಯಾರೋ ತೆಗೆದರು. ಬಕೆಟ್ಟಿನ ಹಿಡಿಯ ಮೇಲೆ ಇಬ್ಬರ ಕೈಯೂ ಇದೆ, ಇಬ್ಬರೂ ನಗುತ್ತಿದ್ದೇವೆ. ನನಗೆ ಬಹಳ ಮೆಚ್ಚುಗೆಯಾದ ಫೋಟೊ ಅದು.

ಇಂಗ್ಲೆಂಡಿನ ಉತ್ತರದ ಒಂದು ಕಡಲೂರಿನಲ್ಲೂ ಹೀಗೆಯೇ ಮೂರು ಸಭೆಗಳು ಕೂಡಿ ಒಂಟಿಯಾಗಿ ಇರುವವರಿಗೆ ಗುರುವಾರದ ಊಟ ಹಾಕುತ್ತವಂತೆ. ನಮ್ಮ ವಿಷಯ ತಿಳಿದು, ನಿಮ್ಮವರೊಬ್ಬರು ಬಂದು ಎರಡು ವಾರ ನಮ್ಮ ಜೊತೆ ಇರಲಿ ಎಂದು ಕರೆದರು. ಮೂರು ಸಭೆಗಳೂ ಒಮ್ಮತದಿಂದ ನನ್ನನ್ನು ಆರಿಸಿದವು. ಎರಡು ವಾರ ಶೆಡ್ಡಿನಲ್ಲಿ ಶಾಂತಿ ಇರಲಿ ಎಂಬ ಆಸೆಯೂ ಅದರಲ್ಲಿತ್ತೆಂದು ಈಗ ಅನುಮಾನ. ನಾನಂತೂ ಕಲಿಸಿ ಬರುವ ಉತ್ಸಾಹದಲ್ಲೇ ಹೊರಟೆ.

ಬಂದಿಳಿದ ದಿನ

ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿನವರು ಒಳ್ಳೆಯವರು, ನನ್ನ ಕಥೆಯೊಳಗೆ ಅವರನ್ನು ಎಳೆಯುವುದು ಬೇಡ.

ಮೊದಲ ಎಡವಟ್ಟು ರೈಲಿನಲ್ಲೇ ಆಯಿತು. ಸೂಟ್‌ಕೇಸಿನೊಳಗೆ ಸಾರಿನ ಪುಡಿಯ ಪೊಟ್ಟಣ ಒಡೆದಿತ್ತು. ಸ್ವೆಟರ್ ತೆಗೆಯಲೆಂದು ಮುಚ್ಚಳ ಎತ್ತಿದ್ದೇ ತಡ, ಎದುರು ಕೂತಿದ್ದ ಗಂಡಸು ಸೀನತೊಡಗಿದ. ಸೀನಿ ಸೀನಿ ಕಣ್ಣಲ್ಲಿ ನೀರು ಸುರಿಸುತ್ತಾ ನನ್ನ ಹತ್ತಿರ ಕ್ಷಮೆ ಕೇಳಿದ. ಪುಡಿ ನನ್ನದು, ಕ್ಷಮೆ ಅವನದು. ನಮ್ಮ ಬಿಎಂಟಿಸಿ ಬಸ್ಸಿನಲ್ಲಾಗಿದ್ದರೆ ಹಿಂದಿನ ಸೀಟಿನವರೂ ಸೇರಿ ನನ್ನನ್ನು ಮುಂದಿನ ಸ್ಟಾಪಿನಲ್ಲಿ ಇಳಿಸುತ್ತಿದ್ದರು.

ನಿಲ್ದಾಣಕ್ಕೆ ಮೇರಿಯನ್ ಬಂದಿದ್ದರು. ಗುರುವಾರದ ಊಟ ನಡೆಸುವವರು ಅವರೇ. ಎಪ್ಪತ್ತು ದಾಟಿದ ಸಣಕಲು ಹೆಂಗಸು, ನಡಿಗೆ ಮಾತ್ರ ಪೀಣ್ಯದಲ್ಲಿ ಶಿಫ್ಟಿಗೆ ಓಡುವವರ ಹಾಗೆ. ನಾನು ಉಳಿದದ್ದು ಅವರ ಮನೆಯಲ್ಲಿ. ಹೋದ ತಕ್ಷಣ "ಟೀ ಕುಡಿಯುತ್ತೀರಾ?" ಎಂದು ಕೇಳಿದರು. "ಅಯ್ಯೋ, ಏನೂ ಬೇಡ" ಎಂದೆ. ನಮ್ಮಲ್ಲಿ ಮೊದಲ ಸಲ ಬೇಡ ಎನ್ನುವುದು ಚಪ್ಪಲಿ ಹೊರಗೆ ಬಿಡುವಷ್ಟೇ ಸಹಜ. ಎರಡನೆಯ ಸಲ ಕೇಳಿದಾಗ "ನಿಮಗ್ಯಾಕೆ ತೊಂದರೆ" ಅನ್ನಬೇಕು, ಮೂರನೆಯದಕ್ಕೆ "ಸ್ವಲ್ಪೇ ಸ್ವಲ್ಪ" ಅನ್ನಬೇಕು. ಮೇರಿಯನ್ "ಸರಿ" ಎಂದು ತಮ್ಮೊಬ್ಬರಿಗೇ ಟೀ ಮಾಡಿಕೊಂಡು ನನ್ನೆದುರು ಕೂತು ಕುಡಿದರು. ಸಂಜೆಯವರೆಗೆ ನನ್ನ ನಾಲಿಗೆ ಒಣಗಿ ಹಪ್ಪಳವಾಯಿತು.

ಇಲ್ಲಿ ಬೇಡ ಅಂದರೆ ಬೇಡ, ಕೂರು ಅಂದರೆ ಕೂರು. ಅಷ್ಟು ಆ ದಿನವೇ ನನ್ನ ತಲೆಗೆ ಇಳಿಯಬೇಕಿತ್ತು. ನಾನು ನಕ್ಕು ಮರೆತೆ.

ಸಂಜೆ ಇಬ್ಬರೂ ಸ್ವಲ್ಪ ದೂರ ನಡೆದೆವು. ನಮ್ಮ ಜಾಲಹಳ್ಳಿ ಕ್ವಾರ್ಟರ್ಸಿನ ಮಧ್ಯಾಹ್ನದಂತೆ ಬೀದಿ ಬಿಕೋ ಅನ್ನುತ್ತಿತ್ತು. ಪರದೆ ಎಳೆಯದ ಕಿಟಕಿಗಳಲ್ಲಿ ಒಂದೊಂದು ಟಿವಿ, ಅದರ ಮುಂದೆ ಒಂದೊಂದು ತಲೆ. "ಇಲ್ಲಿ ಯಾರೂ ಹಸಿದಿಲ್ಲ" ಎಂದರು ಮೇರಿಯನ್. "ಹಾಗಾದರೆ ಊಟ ಯಾಕೆ ಹಾಕುತ್ತೀರಿ?" ಎಂದು ಕೇಳಿದೆ. ಅವರು ನನ್ನ ಮುಖ ನೋಡಿದರು. "ಗುರುವಾರ ನೋಡುತ್ತೀರಲ್ಲ" ಎಂದರು.

ಗುರುವಾರ

ಊಟ ಮೆಥಡಿಸ್ಟ್ ಸಭೆಯವರ ಹಾಲಿನಲ್ಲಿ. ಆಂಗ್ಲಿಕನ್ ಸಭೆಯವರು ಆಲೂಗಡ್ಡೆ ಸುಲಿಯುತ್ತಿದ್ದರು, ಕ್ಯಾಥೋಲಿಕರು ಮೇಜುಗಳನ್ನು ಜೋಡಿಸುತ್ತಿದ್ದರು. ಯಾವ ಗುರುಗಳು ಪ್ರಾರ್ಥನೆ ಹೇಳಬೇಕೆಂಬ ಜಗಳ ಅಲ್ಲೂ ಇತ್ತೆಂದು ತಿಳಿದು ನನಗೆ ಮನೆಗೆ ಬಂದಷ್ಟು ಖುಷಿಯಾಯಿತು. ಆ ಜಗಳ ಬಗೆಹರಿಯದೆ ಪ್ರಾರ್ಥನೆಯನ್ನು ಈಗ ಅಡುಗೆಯವರೇ ಹೇಳುತ್ತಾರಂತೆ, ಒಂದೇ ಸಾಲಿನಲ್ಲಿ. ಮಹಡಿಯ ಪಾಸ್ಟರಿಗೆ ಇದನ್ನು ಹೇಳಬೇಕೆಂದುಕೊಂಡೆ.

ಮೇರಿಯನ್ ನನ್ನನ್ನು ಬದಿಗೆ ಕರೆದರು. ಕಿಟಕಿ ಪಕ್ಕದ ಮೇಜಿನಲ್ಲಿ ಕೋಟು ತೊಟ್ಟು, ಟೈ ಕಟ್ಟಿ ಕೂತಿದ್ದ ಒಬ್ಬ ಎತ್ತರದ ಮುದುಕರನ್ನು ಕಣ್ಣಿನಲ್ಲೇ ತೋರಿಸಿದರು. "ಅವರು ಡೆನಿಸ್. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಹೆಂಡತಿ ತೀರಿಕೊಂಡ ಮೇಲೆ ಮನೆಬಿಟ್ಟು ಹೊರಗೆ ಬಂದಿಲ್ಲ. ಕ್ರಿಸ್ಮಸ್ಸಿನಿಂದ ಕರೆಯುತ್ತಿದ್ದೇನೆ, ಇವತ್ತು ಬಂದಿದ್ದಾರೆ. ನೀವು ಅವರ ಪಕ್ಕದಲ್ಲಿ ಕೂರಿ. ಇಬ್ಬರೂ ಹೊಸಬರು, ಇಬ್ಬರಿಗೂ ಅನುಕೂಲ. ಇವತ್ತು ನಿಮ್ಮ ಕೆಲಸ ಅಷ್ಟೇ."

ನನಗೆ ಅದು ಉಪಚಾರದ ಮಾತಿನಂತೆ ಕೇಳಿಸಿತು. ಕರೆಸಿಕೊಂಡವರು ಕೂರಿ ಅನ್ನುತ್ತಾರೆ, ಬಂದವರು ಸೆರಗು ಸಿಕ್ಕಿಸಿಕೊಂಡು ಕೆಲಸಕ್ಕೆ ನಿಲ್ಲಬೇಕು. ಇಲ್ಲದಿದ್ದರೆ ನಮ್ಮಲ್ಲಿ ಏನೆನ್ನುತ್ತಾರೆ? ಮಹಾರಾಣಿ ಬಂದಳು, ಉಂಡಳು, ಹೋದಳು ಅನ್ನುತ್ತಾರೆ. ಡೆನಿಸ್‌ಗೆ ಒಂದು ನಮಸ್ಕಾರ ಹೇಳಿ, ನನಗೆಂದು ತಂದಿಟ್ಟ ತಟ್ಟೆಯನ್ನು ಅಲ್ಲೇ ಬಿಟ್ಟು, ಅಡುಗೆಮನೆಯ ಕಿಂಡಿಯಲ್ಲಿದ್ದ ಗ್ರೇವಿಯ ಜಗ್ಗನ್ನು ಎತ್ತಿಕೊಂಡೆ.

ಆಮೇಲೆ ನಡೆದದ್ದು ನನ್ನ ದರ್ಬಾರು. ಮೇಜಿನಿಂದ ಮೇಜಿಗೆ ಹೋಗಿ "ಇನ್ನೊಂಚೂರು" ಎಂದು ಸುರಿದೆ. ಬೇಡ ಎಂದವರ ತಟ್ಟೆಗೂ ಸುರಿದೆ. ಬೇಡ ಅನ್ನುವುದು ಬೇಕು ಅನ್ನುವುದರ ಮೊದಲ ಹಂತ ಎಂಬ ನನ್ನ ಹಳೆಯ ಲೆಕ್ಕವೇ ಇನ್ನೂ ನಡೆದಿತ್ತು. ಒಬ್ಬ ಅಜ್ಜಿಯ ಬಟಾಣಿಕಾಳು ಗ್ರೇವಿಯಲ್ಲಿ ಈಜತೊಡಗಿದವು. ಅವರು ನಕ್ಕರು, ಇವರು ನಕ್ಕರು, ನಾನು ಮೆರೆದೆ. ಇಡೀ ಹಾಲಿನಲ್ಲಿ ನಿಂತಿದ್ದವಳು ನಾನೊಬ್ಬಳೇ ಎಂಬುದು ಕಣ್ಣಿಗೆ ಬಿತ್ತು. ಆಲೂಗಡ್ಡೆ ಸುಲಿದವರು, ಬೇಯಿಸಿದವರು, ಮೇರಿಯನ್, ಎಲ್ಲರೂ ಬಂದವರ ನಡುವೆ ನಡುವೆ ಕೂತು ಉಣ್ಣುತ್ತಿದ್ದರು. ಛೆ, ಅತಿಥಿಗಳ ಜೊತೆಗೇ ತಾವೂ ಉಣ್ಣುತ್ತಾರಲ್ಲ, ಇವರಿಗೆ ಎಷ್ಟು ಕಲಿಸಬೇಕು ಎಂದುಕೊಂಡೆ. ಈ ಸಾಲು ಬರೆಯುವಾಗ ಕಿವಿ ಬಿಸಿಯಾಗುತ್ತಿದೆ.

ಡೆನಿಸ್ ಉಣ್ಣುತ್ತಿರಲಿಲ್ಲ. ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಜಗ್ಗು ಹಿಡಿದು ಹೋದೆ. "ಉಣ್ಣಿ, ಉಣ್ಣಿ, ಆರಿಹೋಗುತ್ತೆ" ಎಂದೆ.

"ಪರವಾಗಿಲ್ಲ, ಕಾಯುತ್ತೇನೆ" ಎಂದರು.

ಪ್ರಾರ್ಥನೆ ಆದದ್ದು ಇವರಿಗೆ ಕೇಳಿಸಿಲ್ಲವೇನೋ ಅಂದುಕೊಂಡೆ. ಇನ್ನೊಂದು ಸುತ್ತು ಮುಗಿಸಿ ಮತ್ತೆ ಬಂದೆ. "ಇನ್ನೂ ಶುರು ಮಾಡಿಲ್ಲವಾ?" ಎಂದು ಮಕ್ಕಳಿಗೆ ಗದರುವಂತೆ ಗದರಿದೆ. ಅವರು ನನ್ನ ಖಾಲಿ ಕುರ್ಚಿಯನ್ನು ನೋಡಿದರು, ಅದರ ಮುಂದಿನ ನನ್ನ ತಟ್ಟೆಯನ್ನು ನೋಡಿದರು. "ನೀವು?" ಎಂದರು.

"ನಾನು ಕೊನೆಗೆ. ನಮ್ಮ ಕಡೆ ಬಡಿಸುವವರು ಕೊನೆಗೇ ಉಣ್ಣೋದು" ಎಂದೆ. ಹೆಮ್ಮೆಯಿಂದಲೇ ಅಂದೆ. ಅವರು ತಲೆಯಾಡಿಸಿದರು.

ಸೇಬಿನ ಸಿಹಿ ಬಂತು, ಅದರ ಮೇಲೆ ಕಸ್ಟರ್ಡ್ ಬಂತು. ನಾನು ಕಸ್ಟರ್ಡಿನ ಜಗ್ಗಿಗೂ ಕೈ ಹಾಕಿ ತಿರುಗಿ ನೋಡಿದರೆ ಡೆನಿಸ್ ಎದ್ದಿದ್ದರು. ಕರವಸ್ತ್ರ ಮಡಿಸಿ ತಟ್ಟೆಯ ಪಕ್ಕ ಇಟ್ಟು, ಕುರ್ಚಿಯನ್ನು ಸದ್ದಾಗದಂತೆ ಒಳಗೆ ತಳ್ಳಿ, ಟೋಪಿ ಹಾಕಿಕೊಂಡು ಹೊರಟೇಹೋದರು. ಮೇಜಿನ ಮೇಲೆ ಎರಡು ತಟ್ಟೆಗಳಿದ್ದವು. ಅವರದೊಂದು, ನನ್ನದೊಂದು. ಎರಡನ್ನೂ ಯಾರೂ ಮುಟ್ಟಿರಲಿಲ್ಲ.

ಪಾತ್ರೆ ತೊಳೆಯುವಾಗ ಮೇರಿಯನ್ ಹೇಳಿದರು. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. "ಇಲ್ಲಿ ಪಕ್ಕದವರು ಕೂತು ಚಮಚ ಎತ್ತುವವರೆಗೆ ಯಾರೂ ಶುರು ಮಾಡುವುದಿಲ್ಲ ಸಲೋಮಿ. ನಮ್ಮ ಊಟಕ್ಕಿರುವ ನಿಯಮ ಅದೊಂದೇ. ಡೆನಿಸ್‌ಗೆ ನಾನೇ ಹೇಳಿದ್ದೆ, ನಿಮ್ಮ ಪಕ್ಕ ಇವತ್ತು ಒಬ್ಬರು ಕೂರುತ್ತಾರೆ ಅಂತ. ಅದಕ್ಕೇ ಅವರು ಟೈ ಕಟ್ಟಿಕೊಂಡು ಬಂದದ್ದು."

ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು. ಮನೆಯಲ್ಲಿ ದಿನಾ ಖಾಲಿ ಕುರ್ಚಿಯ ಎದುರು ಉಣ್ಣುವವರು ಅಷ್ಟು ದಿನದ ಮೇಲೆ ಹೊರಗೆ ಬಂದರೆ, ಅವರನ್ನು ನಾಲ್ಕು ಜನರ ನಡುವೆ ಇನ್ನೊಂದು ಖಾಲಿ ಕುರ್ಚಿಯ ಪಕ್ಕ ಕೂರಿಸಿದ್ದೆ. ಸಾಲದ್ದಕ್ಕೆ ಉಣ್ಣಿ ಉಣ್ಣಿ ಎಂದು ಗದರಿದ್ದೆ.

ಶುಕ್ರವಾರ

ತಪ್ಪು ಮಾಡಿದರೆ ಅಡುಗೆ ಮಾಡಿಕೊಂಡು ಹೋಗುವುದು ನಮ್ಮ ಮನೆತನದ ರೋಗ. ಬೆಳಗ್ಗೆ ಎದ್ದು, ಸೂಟ್‌ಕೇಸಿನ ಮೂಲೆಯಲ್ಲಿ ಉಳಿದಿದ್ದ ಪುಡಿಯನ್ನು ಒಟ್ಟುಮಾಡಿ ಸಾರು ಕಾಯಿಸಿದೆ. ಅನ್ನ, ಬೀನ್ಸಿನ ಪಲ್ಯ, ನಾಲ್ಕು ಹಪ್ಪಳ. ಡೆನಿಸ್ ಮನೆ ಎಲ್ಲಿದೆ ಎಂದು ಮೇರಿಯನ್ ಹಿಂದಿನ ದಿನ ಬೀದಿಯಲ್ಲೇ ತೋರಿಸಿದ್ದರು. ಅವರಿಗೂ ಹೇಳದೆ, ಡೆನಿಸ್‌ಗೂ ಮುಂಚೆ ತಿಳಿಸದೆ, ಡಬ್ಬಿ ಹಿಡಿದು ಹೊರಟೆ. ಹೇಳಿಕೇಳಿ ಹೋಗಲು ಅದೇನು ಆಸ್ಪತ್ರೆಯೇ, ಮನೆ ತಾನೆ ಎಂದುಕೊಂಡೆ.

ಬೆಲ್ಲು ಒತ್ತಿದೆ. ಒಳಗೆ ಟಿವಿಯ ಸದ್ದು ನಿಂತಿತು. ಬಾಗಿಲು ಸರಪಳಿಯಷ್ಟೇ ತೆರೆಯಿತು. ಸಂದಿಯಲ್ಲಿ ಡೆನಿಸ್ ಮುಖ. ಇವತ್ತು ಟೈ ಇರಲಿಲ್ಲ.

"ಮೇರಿಯನ್ ಕಳಿಸಿದರಾ?"

"ಇಲ್ಲ, ನಾನೇ ಬಂದೆ. ನಿನ್ನೆ ನೀವು ಊಟ ಮಾಡಲಿಲ್ಲ. ನಮ್ಮ ಕಡೆ ಊಟ, ನಿಮಗೆಂದು ಮಾಡಿದೆ."

ಅವರು ಡಬ್ಬಿಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. "ನನ್ನ ಮನೆಯಲ್ಲಿ ಊಟ ಇದೆ. ಫ್ರಿಜ್ಜಿನ ತುಂಬ ಇದೆ" ಎಂದರು. "ನಾನು ಊಟಕ್ಕೆಂದು ಬಂದಿರಲಿಲ್ಲ" ಎಂದರು. ಧನ್ಯವಾದ ಹೇಳಿ ಮೆಲ್ಲಗೆ ಬಾಗಿಲು ಹಾಕಿಕೊಂಡರು. ಅಲ್ಲಿ ಮುಖದ ಮೇಲೆ ಬಾಗಿಲು ಹಾಕುವಾಗಲೂ ಧನ್ಯವಾದ ಹೇಳುತ್ತಾರೆ. ನಮ್ಮವರ ಹಾಗೆ ನಾಲ್ಕು ಮಾತು ಬೈದಿದ್ದರೆ ನಾನೂ ನಾಲ್ಕು ಮಾತಾಡಿ, ಅತ್ತು, ಒಳಗೆ ಹೋಗಿ ಕೂರುತ್ತಿದ್ದೆ.

ಕ್ಷಮಿಸಿ ಎಂಬ ಒಂದು ಮಾತನ್ನೂ ನಾನು ಆಡಿರಲಿಲ್ಲ ಎಂಬುದು ಸಮುದ್ರದ ದಂಡೆಯವರೆಗೆ ನಡೆದ ಮೇಲೆ ಹೊಳೆಯಿತು. ರೈಲಿನಲ್ಲಿ ಸೀನಿದವನು ಕೂಡ ಕೇಳಿದ್ದ ಕ್ಷಮೆ ಅದು. ಹಿಂದಿರುಗಿ ಹೋಗಿ ಇನ್ನೊಮ್ಮೆ ಬೆಲ್ಲು ಒತ್ತುವ ಧೈರ್ಯ ಬರಲಿಲ್ಲ. ಬೆಂಚಿನ ಮೇಲೆ ಕೂತು ಡಬ್ಬಿ ಬಿಚ್ಚಿದೆ. ಮಾಡಿದ್ದುಣ್ಣೋ ಮಹರಾಯ ಅಂದ ಹಾಗೆ ನಾನು ಮಾಡಿದ ಸಾರನ್ನು ನಾನೇ ಉಂಡೆ. ಕೋಳಿಯಷ್ಟು ದಪ್ಪದ ಕಡಲಹಕ್ಕಿಯೊಂದು ಹಾರಿಬಂದು ಕೈಯಲ್ಲಿದ್ದ ಹಪ್ಪಳವನ್ನು ಕಿತ್ತುಕೊಂಡು ಹೋಯಿತು. ಆ ಊರಿನಲ್ಲಿ ನನ್ನ ಕೈ ಊಟವನ್ನು ಬಯಸಿ ತಿಂದದ್ದು ಅದೊಂದೇ. ನಗು ಬರಬೇಕಿತ್ತು, ಅಳು ಬಂತು.

ಮುಂದಿನ ಗುರುವಾರ

ಮೇರಿಯನ್ ಮತ್ತೊಮ್ಮೆ ಡೆನಿಸ್ ಮನೆಗೆ ಹೋಗಿ ಊಟಕ್ಕೆ ಬನ್ನಿ ಎಂದು ಕರೆದು ಬಂದಿದ್ದರು. ನೋಡೋಣ ಎಂದರಂತೆ. ನೋಡೋಣ ಅನ್ನುವುದಕ್ಕೆ ಅಲ್ಲೂ ನಮ್ಮಲ್ಲಿರುವ ಅರ್ಥವೇ ಇದೆ.

ನಾನು ಜಗ್ಗಿನ ಕಡೆ ತಿರುಗಿಯೂ ನೋಡಲಿಲ್ಲ. ಎಲ್ಲರಿಗಿಂತ ಮೊದಲು ಹೋಗಿ ಕಿಟಕಿ ಪಕ್ಕದ ಅದೇ ಕುರ್ಚಿಯಲ್ಲಿ ಕೂತೆ. ನನ್ನ ತಟ್ಟೆ ಬಂತು, ಪಕ್ಕದ ಖಾಲಿ ಜಾಗಕ್ಕೂ ಒಂದು ತಟ್ಟೆ ಬಂತು. ಬಾಗಿಲು ತೆರೆದಾಗಲೆಲ್ಲ ತಲೆ ಎತ್ತಿದೆ. ಬಂದವರೆಲ್ಲ ಬೇರೆಯವರು. ಎದುರಿನ ಅಜ್ಜಿ, ಹಿಂದಿನ ವಾರ ಬಟಾಣಿ ಈಜಿಸಿಕೊಂಡವರೇ, "ಶುರು ಮಾಡಿ, ಆರಿಹೋಗುತ್ತದೆ" ಎಂದರು. ನಾನು ಡೆನಿಸ್‌ಗೆ ಹೇಳಿದ ಮಾತೇ ಅದು. "ಪರವಾಗಿಲ್ಲ" ಎಂದೆ. ಸುತ್ತ ಎಲ್ಲರೂ ಉಣ್ಣುವಾಗ ಒಂದು ಖಾಲಿ ಕುರ್ಚಿಯ ಪಕ್ಕ ಕೂತಿರುವುದು ಎಷ್ಟು ಕಷ್ಟವೆಂದು ಅವತ್ತು ತಿಳಿಯಿತು. ಕೈ ಎಲ್ಲಿಟ್ಟುಕೊಳ್ಳಬೇಕೆಂದೇ ಗೊತ್ತಾಗುವುದಿಲ್ಲ. ನನಗೂ ತೊಡೆಯ ಮೇಲೇ ಇಟ್ಟುಕೊಳ್ಳಬೇಕಾಯಿತು.

ಡೆನಿಸ್ ಬರಲಿಲ್ಲ.

ಊಟದ ನಂತರ ನಾನು ಪೀಣ್ಯದ ಬಗ್ಗೆ ಮಾತಾಡಬೇಕಿತ್ತು. ಆ ಕಾರ್ಯಕ್ರಮ ಮೊದಲೇ ನಿಗದಿಯಾಗಿತ್ತು, ತಪ್ಪಿಸಿಕೊಳ್ಳುವಂತಿರಲಿಲ್ಲ. ಗೋಡೆಯ ಮೇಲೆ ಒಂದೊಂದೇ ಫೋಟೊ ತೋರಿಸಿದೆ. ಶೆಡ್ಡು, ಒಲೆ, ಕೂತ ಸಾಲು, ನಿಂತ ನಾವು. ಎಲ್ಲ ಫೋಟೊಗಳಲ್ಲೂ ಒಂದಷ್ಟು ಜನ ಕೆಳಗೆ ಕೂತಿದ್ದಾರೆ, ನಾವು ಮೇಲೆ ನಿಂತಿದ್ದೇವೆ. ಅಷ್ಟು ದಿನ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಕೊನೆಗೆ ಬಕೆಟ್ಟಿನ ಫೋಟೊ ಬಂತು. ಎಲ್ಲರೂ ನಕ್ಕರು.

"ಇವರ ಹೆಸರೇನು?" ಎಂದು ಬಟಾಣಿ ಅಜ್ಜಿ ಕೇಳಿದರು.

ನನಗೆ ಗೊತ್ತಿರಲಿಲ್ಲ. ವಾರವಾರ ಆ ಮನುಷ್ಯನ ತಟ್ಟೆಗೆ ಬಡಿಸಿದ್ದೇನೆ, ಹೆಸರು ಕೇಳಿಲ್ಲ. ನಮ್ಮಲ್ಲಿ ಉಣ್ಣುವವರ ಹೆಸರು ಕೇಳಬಾರದು, ಅವರಿಗೆ ಮುಜುಗರವಾಗುತ್ತದೆ ಎಂದೇನೋ ತೊದಲಿದೆ.

"ಬಕೆಟ್ಟನ್ನು ಅವರು ನಿಮಗೆ ಕೊಡುತ್ತಿದ್ದಾರಾ, ನಿಮ್ಮಿಂದ ತೆಗೆದುಕೊಳ್ಳುತ್ತಿದ್ದಾರಾ?" ಮೇರಿಯನ್ ಕೇಳಿದರು. ಬರೀ ಕುತೂಹಲದ ಪ್ರಶ್ನೆ, ಅದರಲ್ಲಿ ಚುಚ್ಚು ಇರಲಿಲ್ಲ.

"ಕೊಡುತ್ತಿದ್ದಾರೆ. ಭಾರ ಇತ್ತಲ್ಲ, ನನಗೆ ಎತ್ತಿಕೊಡುತ್ತಿದ್ದಾರೆ" ಎಂದೆ.

ದೇವರ ಆಲಯದ ಗೋಡೆಯ ಮೇಲೆ ಅಷ್ಟು ದೊಡ್ಡದಾಗಿ ಸತ್ಯ ಕಾಣುತ್ತಿರುವಾಗ ಅದರ ಎದುರೇ ನಿಂತು ಸುಳ್ಳು ಹೇಳಿದೆ. ಹಿಂದಿರುಗುವ ವಿಮಾನದಲ್ಲಿ ಊಟದ ತಟ್ಟೆ ಮುಂದೆ ಬಂದಾಗ ಪಕ್ಕದವರು ಕೈ ಹಾಕಲಿ ಎಂದು ಕಾದೆ. ಅವರು ನಿದ್ದೆ ಹೋಗಿದ್ದರು.

ಮತ್ತೆ ಪೀಣ್ಯ

ಹೋದ ಪುಟ್ಟ ಬಂದ ಪುಟ್ಟ ಎಂಬಂತೆ ಮನೆ ಸೇರಿದೆ. ಜಾಲಹಳ್ಳಿಯ ಬೀದಿ, ಮರದ ನೆರಳು, ಎಲ್ಲ ಹಾಗೇ ಇತ್ತು. ಆ ವಾರವೇ ಮೇರಿಯನ್ ಅವರಿಂದ ವಾಟ್ಸಾಪಿನಲ್ಲಿ ಸುದ್ದಿ ಬಂತು. ಡೆನಿಸ್ ಬಂದಿದ್ದರಂತೆ. ಬಾಗಿಲಲ್ಲೇ ನಿಂತು, "ಊಟ ಮಾಡದ ಆ ಹೆಂಗಸು ಹೋದರಾ?" ಎಂದು ಕೇಳಿದರಂತೆ. ಹೋದರು ಎಂದ ಮೇಲೆ ಒಳಗೆ ಬಂದು ಬಟಾಣಿ ಅಜ್ಜಿಯ ಪಕ್ಕ ಕೂತು ಎರಡು ಸಲ ಹಾಕಿಸಿಕೊಂಡು ಉಂಡರಂತೆ. ಕೆಳಗೆ ನಗುವ ಮುಖದ ಚಿತ್ರಗಳನ್ನು ಹಾಕಿದ್ದರು. ಡೆನಿಸ್ ಉಂಡರೆಂದು ದೇವರಿಗೆ ಸ್ತೋತ್ರ ಹೇಳಿದೆ. ನಗಲು ಮಾತ್ರ ಆಗಲಿಲ್ಲ. ನಾನು ಹೋದದ್ದೇ ಅವರಿಗೆ ಅನುಕೂಲವಾಗಿತ್ತು.

ಅವತ್ತೇ ಮೇರಿಯನ್‌ಗೆ ಬರೆದೆ. ಡೆನಿಸ್‌ಗೆ ನನ್ನ ಕ್ಷಮೆ ತಿಳಿಸಿ ಎಂದೆ. ಆಮೇಲೆ, ಆ ಫೋಟೊದಲ್ಲಿ ಆತ ನನಗೆ ಬಕೆಟ್ಟು ಕೊಡುತ್ತಿರಲಿಲ್ಲ, ನನ್ನನ್ನು ಕೇಳುತ್ತಿದ್ದರು, ನಾನು ಕೊಡಲಿಲ್ಲ ಎಂದು ಬರೆದೆ. ಸ್ವಲ್ಪ ಹೊತ್ತಿನ ಮೇಲೆ ಉತ್ತರ ಬಂತು. "ಹೆಸರು?"

ಭಾನುವಾರ ಶೆಡ್ಡಿಗೆ ಹೋದೆ. "ಬಂದ್ರಾ ಆಂಟಿ, ಹಿಡೀರಿ" ಎಂದು ನಮ್ಮವರು ನನ್ನ ಬಕೆಟ್ಟನ್ನು ಕೈಗೆ ಕೊಡಲು ಬಂದರು. ಒಲೆಯ ಪಕ್ಕ ಇಡಲು ಹೇಳಿ, ಒಂದು ತಟ್ಟೆಗೆ ಅನ್ನ ಹಾಕಿಸಿಕೊಂಡು ಹೋಗಿ ಹಳದಿ ಟವೆಲ್ಲಿನವರ ಪಕ್ಕ ಜಮಖಾನದ ಮೇಲೆ ಕೂತೆ. ಮಂಡಿ ಕಟಕ್ ಅಂದಿತು. ಸಾಲಿಗೆ ಸಾಲೇ ತಿರುಗಿ ನೋಡಿತು.

ಆ ಕಡಲೂರಿನ ನಿಯಮವನ್ನು ತಂದು ಇಲ್ಲಿ ಹಾಸಿದರೆ ಸಾಕು ಎಂದುಕೊಂಡಿದ್ದೆ. ಎಲ್ಲಿಯ ಸಾಕು! ಪಕ್ಕದ ಮನುಷ್ಯ ಸಾರಿಗೆಂದು ಅನ್ನ ಹರಡಿಕೊಳ್ಳುತ್ತಿದ್ದ ಕೈಯನ್ನು ನಿಲ್ಲಿಸಿಬಿಟ್ಟರು. ಆಚೆಯವರೂ ನಿಲ್ಲಿಸಿದರು. ಮೇಷ್ಟ್ರು ಬಂದು ಬೆಂಚಿನಲ್ಲಿ ಕೂತಾಗಿನ ಮಕ್ಕಳಂತೆ ಎಲ್ಲರೂ ಮುದುಡಿಕೊಂಡರು.

"ಅಕ್ಕಾರ, ನೀವ್ಯಾ‌ಕ ಇಲ್ಲಿ ಕುಂತೀರಿ? ನಮ್ಮಿಂದ ಏನರ ತಪ್ಪಾತೇನ್ರಿ?"

"ಇಲ್ಲ, ನಿಮ್ಮ ಜೊತೆ ಊಟ ಮಾಡೋಣ ಅಂತ."

"ನೀವು ಕುಂತ್ರ ನಿಮಗ ಯಾರ್ ನೀಡ್ತಾರ್ರಿ?"

ಕೇಳಲೆಂದೇ ಬಂದಿದ್ದ ಮಾತನ್ನು ಕೇಳಿದೆ. "ನಿಮ್ಮ ಹೆಸರೇನು ಅಣ್ಣ?"

"ಸಂಗಪ್ಪ ಅಂತ್ರಿ. ಹುನಗುಂದದ ಕಡೆಯವ." ಹೆಗಲ ಟವೆಲ್ಲು ಸರಿಮಾಡಿಕೊಂಡು, "ನಿಮ್ಮದ್ರಿ?" ಎಂದರು. ಇಷ್ಟು ದಿನ ಅವರಿಗೂ ನನ್ನ ಹೆಸರು ಗೊತ್ತಿರಲಿಲ್ಲ.

ಸಂಗಪ್ಪ ಎದ್ದು ನಿಂತರು. ಬೇಸರವಾಗಿ ಹೊರಟರೆಂದುಕೊಂಡೆ. ಡೆನಿಸ್ ಕುರ್ಚಿ ಒಳಗೆ ತಳ್ಳಿದ್ದು ಕಣ್ಣ ಮುಂದೆ ಬಂತು. ಅವರು ನಲ್ಲಿಗೆ ಹೋಗಿ ಕೈ ತೊಳೆದರು, ಹಳದಿ ಟವೆಲ್ಲನ್ನು ಸೊಂಟಕ್ಕೆ ಬಿಗಿದರು, ನೇರ ಒಲೆಯ ಹತ್ತಿರ ಹೋಗಿ ನನ್ನ ಬಕೆಟ್ಟನ್ನು ಎತ್ತಿಕೊಂಡರು. ನಮ್ಮ ಕಡೆಯವರೊಬ್ಬರು "ರೀ, ಇಡ್ರೀ ಅದನ್ನ" ಎಂದು ಓಡಿಬಂದರು. "ಬಿಡಿ, ಬಡಿಸಲಿ" ಎಂದು ಕೂಗಿದೆ. ನನ್ನ ಅಪ್ಪಣೆಗಳಲ್ಲಿ ನಾನು ನಾಚದೆ ನೆನೆಯಬಹುದಾದದ್ದು ಅದೊಂದೇ.

ಅವರು ಮೊದಲು ಬಂದದ್ದು ನನ್ನ ತಟ್ಟೆಗೇ. ಬಗ್ಗಿ, ಒಂದು ಹನಿ ಆಚೀಚೆ ಚೆಲ್ಲದಂತೆ ಅನ್ನದ ನಡುವೆ ಸಾರು ಬಿಟ್ಟರು. ಸಾಕು ಎಂದೆ. "ಒಂದೀಟ್ರಿ" ಎಂದು ಇನ್ನೊಂದು ಸೌಟು ಹಾಕಿದರು. ಬೇಡವೆಂದರೂ ಹಾಕಿದರು. ಹಾಗೆ ಬಗ್ಗಿದ್ದಾಗಲೇ ನನಗೊಬ್ಬಳಿಗೆ ಕೇಳುವಂತೆ ಹೇಳಿದರು: "ಊರಾಗ ಮಠದ ದಾಸೋಹದಾಗ ನೀಡ್ತಿದ್ನಿರಿ. ಇಲ್ಲಿಗಿ ಬಂದ ಮ್ಯಾಲ ಒಬ್ಬರಿಗೂ ಒಂದ್ ತುತ್ತ ನೀಡಿಲ್ರಿ. ರೂಮಿನ್ಯಾಗ ನನಗ ನಾನ ನೀಡ್ಕೊಂಡು ಉಂಡು ಸಾಕಾಗೇತ್ರಿ."

ತಲೆ ಎತ್ತಲು ಆಗಲಿಲ್ಲ. ವಾರವಾರ ಆತ ಕೈ ಚಾಚಿ ಕೇಳಿದ್ದು ಇದನ್ನು. ವಾರವಾರ ನಗುನಗುತ್ತಾ ನಾನು ಕಿತ್ತುಕೊಂಡದ್ದೂ ಇದನ್ನೇ. ಅದರ ಫೋಟೊವನ್ನು ಸಮುದ್ರ ದಾಟಿಸಿ ತೋರಿಸಿ ಬಂದಿದ್ದೆ.

ಸಂಗಪ್ಪ ಇಡೀ ಸಾಲಿಗೆ ಬಡಿಸಿದರು. ಒಬ್ಬೊಬ್ಬರನ್ನೂ ಯಾವೂರು, ಯಾವ ಕೆಲಸ ಎಂದು ಮಾತಾಡಿಸುತ್ತಾ ಹೋದರು. ಅದುವರೆಗೆ ನಮ್ಮ ಶೆಡ್ಡಿನಲ್ಲಿ ತಟ್ಟೆಯ ಸದ್ದು ಬಿಟ್ಟರೆ ಬೇರೇನೂ ಕೇಳಿಸುತ್ತಿರಲಿಲ್ಲ, ಅವತ್ತು ಸಂತೆಯ ಗದ್ದಲ. ಕೊನೆಯವರು ಕೈ ತೊಳೆಯಲು ಎದ್ದ ಮೇಲೆ ಅವರು ಬೆವರು ಒರೆಸಿಕೊಳ್ಳುತ್ತಾ ಬಂದು ನನ್ನ ಪಕ್ಕ ಕೂತರು. ನನ್ನ ತಟ್ಟೆ ನೋಡಿದರು.

"ಎಲ್ಲಾ ಆರೇತಲ್ರಿ ಅಕ್ಕಾರ. ಯಾಕ ಉಂಡಿಲ್ಲ?"

"ಪರವಾಗಿಲ್ಲ, ಕಾಯ್ತಾ ಇದ್ದೆ" ಎಂದೆ.

ಎದ್ದು ಅನ್ನದ ಪಾತ್ರೆ, ಸಾರಿನ ಬಕೆಟ್ಟು ತಂದು ಅವರ ಮುಂದೆ ಮಂಡಿಯೂರಿ ಕೂತೆ. ಸೌಟು ಎತ್ತುವ ಮೊದಲು ಕೇಳಿದೆ, "ಸಂಗಪ್ಪಣ್ಣ, ಬಡಿಸ್ಲಾ?"

ಅವರು ತಟ್ಟೆಯನ್ನು ಮುಂದಕ್ಕೆ ಸರಿಸಿ, "ಈಗ ನೀಡ್ರಿ" ಎಂದರು.

ಸೌಟು ತಟ್ಟೆಯ ಅಂಚಿಗೆ ತಗುಲಿ ಸಾರು ಜಮಖಾನದ ಮೇಲೆ ಚೆಲ್ಲಿತು. ಅವರು ಟವೆಲ್ಲಿನಿಂದ ಒರೆಸಿದರು. ಆಮೇಲೆ ಇಬ್ಬರೂ ಉಂಡೆವು.